ಲಾಗ್‌ನಲ್ಲಿ ಕೆಂಪು ಸಾಲು ಕಂಡಾಗ: ಸ್ಟೋರೇಜ್ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಚೇರಿ, ಕಾರ್ಖಾನೆ, ಹೋಟೆಲುಗಳಲ್ಲಿರುವ ಸ್ಟೋರೇಜ್ ಪೆಟ್ಟಿಗೆಗಳ ಬಗ್ಗೆ. ಮುಂಬಯಿ, ಪುಣೆ, ಗೋವಾದಿಂದ ಬರೆದವರೆಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಪೆಟ್ಟಿಗೆ ತನಗಾದದ್ದನ್ನೆಲ್ಲ ಲಾಗ್ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ, ಅದನ್ನು ಓದುವುದು ಹೇಗೆ? ಆಯ್ದ ಪತ್ರಗಳಿಗೆ ನಮ್ಮ ತಾಂತ್ರಿಕ ಬಳಗದವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಆಡಿಟರ್ ಕಚೇರಿ. ನಾಲ್ಕು ಡಿಸ್ಕಿನ ನ್ಯಾಸ್ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಬಳಸುವ ಸ್ಟೋರೇಜ್ ಪೆಟ್ಟಿಗೆ) ಇದೆ. ಲಾಗ್ ತೆರೆದರೆ ಸಾವಿರಾರು ಸಾಲು. ಇನ್ಫೋ, ವಾರ್ನಿಂಗ್, ಎರರ್ ಎಂದು ಮೂರು ಬಗೆ. ಎಲ್ಲವನ್ನೂ ಓದಬೇಕೆ, ಎರರ್ ಮಾತ್ರ ನೋಡಿದರೆ ಸಾಕೆ? — ಡೊಂಬಿವಲಿ

ಉತ್ತರ: ಎಲ್ಲವನ್ನೂ ಓದಬೇಕಿಲ್ಲ. ಆದರೆ ಎರರ್ ಮಾತ್ರ ನೋಡಿದರೆ ಸಾಲದು.

ಸಿನಾಲಜಿ ಪೆಟ್ಟಿಗೆಯಾದರೆ ಲಾಗ್ ಸೆಂಟರ್, ಕ್ಯೂನ್ಯಾಪ್ ಆದರೆ ಕ್ಯೂಲಾಗ್ ಸೆಂಟರ್ ತೆರೆಯಿರಿ. ಮೊದಲು ಎರರ್ ಎಂದು ಫಿಲ್ಟರ್ ಹಾಕಿ, ತೊಂದರೆ ಆದ ದಿನದ ಎಲ್ಲಕ್ಕಿಂತ ಹಳೆಯ ಕೆಂಪು ಸಾಲಿನ ಗಂಟೆ, ನಿಮಿಷ ಬರೆದುಕೊಳ್ಳಿ. ಆಮೇಲೆ ಫಿಲ್ಟರ್ ತೆಗೆದು ಆ ಸಮಯಕ್ಕೆ ಹದಿನೈದು ನಿಮಿಷ ಹಿಂದಿನಿಂದ ಪ್ರತಿ ಸಾಲನ್ನೂ ಓದುತ್ತ ಬನ್ನಿ. ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಪರದೆಯಲ್ಲಿ ಹೊಸ ಸಾಲು ಮೇಲಿರುವುದರಿಂದ ಅದನ್ನೇ ಮೊದಲು ಓದಿ ನಿಲ್ಲುತ್ತಾರೆ. 'ವೋಲ್ಯೂಮ್ ಕ್ರ್ಯಾಶ್ ಆಗಿದೆ' (ಫೈಲುಗಳಿರುವ ಜಾಗ ಕುಸಿದಿದೆ) ಎಂಬ ಸಾಲು ಪರಿಣಾಮದ್ದು. ಕಾರಣದ ಸಾಲು ಅದಕ್ಕಿಂತ ಮೊದಲೇ ಬಂದಿರುತ್ತದೆ, ಎಷ್ಟೋ ಸಲ ಹಳದಿ (ವಾರ್ನಿಂಗ್) ಅಥವಾ ನೀಲಿ (ಇನ್ಫೋ) ಬಣ್ಣದಲ್ಲಿ.

ಯಾವ ಘಟನೆಗೆ ಯಾವ ಬಣ್ಣ ಎಂದು ನಿರ್ಧರಿಸಿದವರು ಪೆಟ್ಟಿಗೆ ತಯಾರಿಸಿದವರು. ಸಿಸ್‌ಲಾಗ್ ಎಂಬ ಮಾನಕದಲ್ಲಿ ತೀವ್ರತೆಗೆ ಎಂಟು ಮೆಟ್ಟಿಲುಗಳಿವೆ: 0 ಎಮರ್ಜೆನ್ಸಿ, 1 ಅಲರ್ಟ್, 2 ಕ್ರಿಟಿಕಲ್, 3 ಎರರ್, 4 ವಾರ್ನಿಂಗ್, 5 ನೋಟಿಸ್, 6 ಇನ್ಫರ್ಮೇಶನಲ್, 7 ಡಿಬಗ್. ಅಂಕಿ ಚಿಕ್ಕದಾದಷ್ಟೂ ವಿಷಯ ಗಂಭೀರ. ನಿಮ್ಮಂಥ ಚಿಕ್ಕ ಪೆಟ್ಟಿಗೆಗಳು ಇವನ್ನು ಮೂರಕ್ಕೆ ಇಳಿಸಿಬಿಡುತ್ತವೆ. ದೊಡ್ಡ ಅರೇಗಳಲ್ಲೂ (ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟಿದ ವ್ಯವಸ್ಥೆ) ಎಚ್ಚರ ಬೇಕು. ನೆಟ್‌ಆಪ್‌ನಲ್ಲಿ ಬರೇ 'ಈವೆಂಟ್ ಲಾಗ್ ಶೋ' ಎಂದು ಕೊಟ್ಟರೆ ಎಮರ್ಜೆನ್ಸಿ, ಅಲರ್ಟ್, ಎರರ್ ಇಷ್ಟೇ ಕಾಣುತ್ತವೆ. ನೋಟಿಸ್ ಬೇಕಿದ್ದರೆ ಹೆಸರಿಸಿ ಕೇಳಬೇಕು.

ಇಮೇಲ್ ಸೂಚನೆಯನ್ನು ವಾರ್ನಿಂಗ್ ಮಟ್ಟದಿಂದಲೇ ಬರುವಂತೆ ಇಡಿ, ಟೆಸ್ಟ್ ಮೇಲ್ ಕಳಿಸಿ ಬಂತೇ ನೋಡಿ. ಮೇಲ್ ಖಾತೆಯ ಪಾಸ್‌ವರ್ಡ್ ಬದಲಾಯಿಸಿದ ದಿನವೇ ಸೂಚನೆ ಸದ್ದಿಲ್ಲದೆ ನಿಂತುಹೋಗಿರುತ್ತದೆ.

ಪ್ರಶ್ನೆ: ನಮ್ಮದು ಬಿಡಿಭಾಗ ತಯಾರಿಸುವ ಚಿಕ್ಕ ವರ್ಕ್‌ಶಾಪ್. ಡ್ರಾಯಿಂಗ್‌ಗಳಿರುವ ಸರ್ವರ್‌ನಲ್ಲಿ ಮೆಗಾರೇಡ್ ಕಾರ್ಡ್ (ಡಿಸ್ಕುಗಳನ್ನು ಒಂದಾಗಿ ನಡೆಸುವ ಕಾರ್ಡ್), 4 ಟಿಬಿಯ ನಾಲ್ಕು ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಹೋದರೂ ಉಳಿದವುಗಳಿಂದ ದತ್ತಾಂಶ ಲೆಕ್ಕಹಾಕಬಲ್ಲ ಜೋಡಣೆ). ಜೂನ್ 19ಕ್ಕೆ ಒಂದು ಡಿಸ್ಕ್ ಹೋಯಿತು. ಮರುದಿನ ಹೊಸದು ಹಾಕಿಸಿದೆವು, ರೀಬಿಲ್ಡ್ (ಹೊಸ ಡಿಸ್ಕಿಗೆ ದತ್ತಾಂಶ ಮತ್ತೆ ತುಂಬುವ ಕೆಲಸ) ಮುಗಿಯಿತು, ಈಗ 'ಆಪ್ಟಿಮಲ್' ಎಂದೇ ತೋರಿಸುತ್ತದೆ. ಆದರೂ ಮೂರು ಡ್ರಾಯಿಂಗ್ ತೆರೆಯುತ್ತಿಲ್ಲ, ರಾತ್ರಿಯ ಬ್ಯಾಕಪ್ ದಿನವೂ ಒಂದೇ ಕಡೆ ನಿಲ್ಲುತ್ತದೆ. ಹೊಸ ಡಿಸ್ಕೇ ಕೆಟ್ಟದ್ದೆ? ಲಾಗ್‌ನ ಸಾಲುಗಳನ್ನು ಜೊತೆಗಿಟ್ಟಿದ್ದೇನೆ. — ಭೋಸರಿ, ಪುಣೆ

ಉತ್ತರ: ಹೊಸ ಡಿಸ್ಕ್ ಚೆನ್ನಾಗಿದೆ. ಕೆಟ್ಟಿರುವುದು ನೀವು ಮುಟ್ಟದೇ ಬಿಟ್ಟ ಮತ್ತೊಂದು ಡಿಸ್ಕ್. ನೀವು ಕಳಿಸಿದ ಸಾಲುಗಳಲ್ಲಿ ಮುಖ್ಯವಾದವನ್ನು, ಸಮಯದ ಕ್ರಮದಲ್ಲಿ, ಕನ್ನಡ ಅಕ್ಷರದಲ್ಲಿ ಕೊಡುತ್ತೇವೆ:

ಜೂನ್ 3, 03:12:40 – ಅನ್‌ಎಕ್ಸ್‌ಪೆಕ್ಟೆಡ್ ಸೆನ್ಸ್, ಪಿಡಿ 0ಡಿ (ಇ0ಎಕ್ಸ್20/ಎಸ್3), ಸೆನ್ಸ್ 3/11/00
ಜೂನ್ 3, 03:12:41 – ಪ್ಯಾಟ್ರೋಲ್ ರೀಡ್ ಕರೆಕ್ಟೆಡ್ ಮೀಡಿಯಂ ಎರರ್, ಎಸ್3
ಜೂನ್ 10, 17 – ಇದೇ ಜೋಡಿ ಸಾಲು, ಮೂರು ಸಲ, ಐದು ಸಲ
ಜೂನ್ 19, 11:46:02 – ಕಮಾಂಡ್ ಟೈಮ್‌ಔಟ್, ಎಸ್2
ಜೂನ್ 19, 11:46:39 – ಸ್ಟೇಟ್ ಚೇಂಜ್, ಎಸ್2, ಆನ್‌ಲೈನ್(18)ನಿಂದ ಫೇಲ್ಡ್(11)
ಜೂನ್ 20, 10:05:16 – ರೀಬಿಲ್ಡ್ ಸ್ಟಾರ್ಟೆಡ್, ಎಸ್2
ಜೂನ್ 20, 13:31:50 – ಅನ್‌ರಿಕವರಬಲ್ ಮೀಡಿಯಂ ಎರರ್ ಡ್ಯೂರಿಂಗ್ ರೀಬಿಲ್ಡ್, ಎಸ್3
ಜೂನ್ 20, 13:31:50 – ಪಂಕ್ಚರಿಂಗ್ ಬ್ಯಾಡ್ ಬ್ಲಾಕ್, ಎಸ್2

ಮೊದಲ ಸಾಲಿನ ಗಂಟು ಬಿಡಿಸೋಣ. 'ಪಿಡಿ 0ಡಿ' ಎಂಬುದು ಕಾರ್ಡ್ ಡಿಸ್ಕಿಗೆ ಕೊಟ್ಟ ಸಂಖ್ಯೆ, ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ), ಅಂದರೆ ನಮ್ಮ ಎಣಿಕೆಯ 13. 'ಇ0ಎಕ್ಸ್20' ಎಂದರೆ ಎನ್‌ಕ್ಲೋಷರ್ (ಡಿಸ್ಕುಗಳ ಗೂಡು) 32, ಅದೂ ಹೆಕ್ಸ್. 'ಎಸ್3' ಎಂದರೆ ಸ್ಲಾಟ್ 3. ಮೆಗಾರೇಡ್‌ನಲ್ಲಿ ಸ್ಲಾಟ್‌ಗಳ ಎಣಿಕೆ ಸೊನ್ನೆಯಿಂದ ಶುರು. ನಾಲ್ಕು ಡಿಸ್ಕ್ ಎಂದರೆ 0, 1, 2, 3. ಸರ್ವರ್‌ನ ಮುಂಭಾಗದ ಚೀಟಿಯಲ್ಲಿ 1ರಿಂದ 4 ಎಂದು ಬರೆದಿದ್ದರೆ ಲಾಗ್‌ನ ಸ್ಲಾಟ್ 2 ನಿಮ್ಮ ಚೀಟಿಯ ಮೂರನೆಯದು. ಈ ಒಂದು ಅಂಕಿಯ ವ್ಯತ್ಯಾಸದಿಂದ ಚೆನ್ನಾಗಿರುವ ಡಿಸ್ಕನ್ನು ಎಳೆದು ಇಡೀ ಅರೇ ಕಳೆದುಕೊಂಡವರಿದ್ದಾರೆ. ಯಾವ ಡಿಸ್ಕನ್ನೇ ಆಗಲಿ ಎಳೆಯುವ ಮುಂಚೆ ಸಾಫ್ಟ್‌ವೇರ್‌ನಿಂದ 'ಲೊಕೇಟ್' ಕೊಟ್ಟು ದೀಪ ಮಿನುಗಿಸಿ ನೋಡಿ. ಎಳೆದ ಕೂಡಲೇ ಸೀರಿಯಲ್ ನಂಬರ್ ತಾಳೆ ಮಾಡಿ.

'3/11/00' ಎಂಬ ಮೂರು ಅಂಕಿಗಳನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಇದು ಸ್ಕಸಿ (ಡಿಸ್ಕಿನೊಡನೆ ಮಾತಾಡುವ ಭಾಷೆ) ಮಾನಕದ ಸೆನ್ಸ್ ಕೋಡ್. ಯಾವ ಕಂಪನಿಯ ಡಿಸ್ಕ್ ಆದರೂ ಅರ್ಥ ಒಂದೇ. ಮೊದಲ ಅಂಕಿ ಬಗೆಯನ್ನು ಹೇಳುತ್ತದೆ. 1 ಎಂದರೆ ಎಡವಿ ಸುಧಾರಿಸಿಕೊಂಡಿತು, 2 ಎಂದರೆ ಡಿಸ್ಕ್ ಸಿದ್ಧವಿಲ್ಲ, 3 ಎಂದರೆ ಮೀಡಿಯಂ ಎರರ್, ಅಂದರೆ ಫಲಕದ ಮೇಲಿನ ದತ್ತಾಂಶವೇ ಓದಲು ಬರುತ್ತಿಲ್ಲ. 4 ಎಂದರೆ ಡಿಸ್ಕಿನ ಯಂತ್ರಭಾಗ ಅಥವಾ ಎಲೆಕ್ಟ್ರಾನಿಕ್ಸ್ ದೋಷ, 5 ಎಂದರೆ ಡಿಸ್ಕಿಗೆ ಅರ್ಥವಾಗದ ಆದೇಶ, 6 ಎಂದರೆ ಡಿಸ್ಕ್ ಗಮನ ಸೆಳೆಯುತ್ತಿದೆ, ಬಿ ಎಂದರೆ ಆದೇಶ ಅರ್ಧಕ್ಕೆ ನಿಂತಿತು. ಉಳಿದ ಎರಡು ಅಂಕಿಗಳು ವಿವರ: 11/00 ಎಂದರೆ ಓದಲಾಗದ ಸೆಕ್ಟರ್ (ಡಿಸ್ಕಿನ ಒಂದು ಚಿಕ್ಕ ತುಂಡು). '6/29/00' ಕಂಡರೆ ಗಾಬರಿ ಬೇಡ, ಪವರ್ ಬಂದಾಗ ಅಥವಾ ರೀಸೆಟ್ ಆದಾಗ ಬರುವ ಸಾಲು ಅದು. ಸರ್ವರ್ ಶುರುವಾದ ಹೊತ್ತಿನಲ್ಲಿ ಅದು ಸಹಜ, ನಡುಹಗಲು ಬಂದರೆ ಪವರ್ ಕನೆಕ್ಟರ್ ನೋಡಿ. '5ಡಿ' ಎಂದು ನಡುವಿನ ಅಂಕಿ ಬಂದರೆ ಡಿಸ್ಕ್ ತಾನೇ 'ನಾನು ಹೋಗಲಿದ್ದೇನೆ' ಎಂದು ತಿಳಿಸಿದೆ ಎಂದರ್ಥ. ಅಂದೇ ಬದಲಿ ಡಿಸ್ಕ್ ತರಿಸಿ.

ಈಗ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ಯಾಟ್ರೋಲ್ ರೀಡ್ ಎಂದರೆ ಕಾರ್ಡ್ ಬಿಡುವಿನಲ್ಲಿ ಎಲ್ಲ ಡಿಸ್ಕುಗಳನ್ನೂ ಓದಿ ನೋಡುವ ಗಸ್ತು. ಸಾಮಾನ್ಯವಾಗಿ 168 ಗಂಟೆಗೊಮ್ಮೆ, ಅಂದರೆ ವಾರಕ್ಕೊಮ್ಮೆ. ನಿಮ್ಮ ತಾರೀಖುಗಳೂ 3, 10, 17. ಜೂನ್ 3ರ ಗಸ್ತಿನಲ್ಲಿ ಸ್ಲಾಟ್ 3ರಲ್ಲಿ ಓದಲಾಗದ ಸೆಕ್ಟರ್ ಸಿಕ್ಕಿತು. ಆಗ ಉಳಿದ ಮೂರು ಡಿಸ್ಕ್ ಚೆನ್ನಾಗಿದ್ದುದರಿಂದ ಕಾರ್ಡ್ ಅಲ್ಲಿರಬೇಕಾದ ದತ್ತಾಂಶವನ್ನು ಲೆಕ್ಕಹಾಕಿ ಮತ್ತೆ ಬರೆಯಿತು. 'ಕರೆಕ್ಟೆಡ್' ಎಂಬ ಸಾಲು ಇನ್ಫೋ ಬಣ್ಣದಲ್ಲಿ ಬಂದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಸಲ ಬಂದರೆ ಬಿಡಬಹುದು. ಮುಂದಿನ ವಾರ ಮೂರು, ಅದರ ಮುಂದಿನ ವಾರ ಐದು ಎಂದು ಏರಿದಾಗಲೇ ಸ್ಲಾಟ್ 3ನ್ನು ಬದಲಿಸಬೇಕಿತ್ತು.

ಜೂನ್ 19ಕ್ಕೆ ಹೋದದ್ದು ಸ್ಲಾಟ್ 2. ರೇಡ್ 5 ಒಂದು ಡಿಸ್ಕಿನ ನಷ್ಟವನ್ನಷ್ಟೇ ತಡೆಯುತ್ತದೆ. ಅಂದಿನಿಂದ ರೀಬಿಲ್ಡ್ ಮುಗಿಯುವವರೆಗೆ ಉಳಿದ ಮೂರು ಡಿಸ್ಕಿನ ಪ್ರತಿ ಸೆಕ್ಟರೂ ಓದಲು ಬರಲೇಬೇಕು. 13:31ಕ್ಕೆ ಸ್ಲಾಟ್ 3ರ ಒಂದು ಜಾಗ ಬರಲಿಲ್ಲ. ಲೆಕ್ಕಹಾಕಲು ಈಗ ಬೇರೆ ಡಿಸ್ಕಿಲ್ಲ. ಹೀಗಾದಾಗ ಕಾರ್ಡ್ ರೀಬಿಲ್ಡನ್ನು ನಿಲ್ಲಿಸದೆ, ಎಲ್ಲ ಡಿಸ್ಕುಗಳ ಮೇಲೂ ಹಾದುಹೋಗುವ ಆ ಪಟ್ಟಿಯನ್ನು (ಸ್ಟ್ರೈಪ್) ಹೊಸ ಡಿಸ್ಕಿನಲ್ಲೂ 'ಕೆಟ್ಟದ್ದು' ಎಂದು ಗುರುತು ಮಾಡಿ ಮುಂದೆ ಹೋಗುತ್ತದೆ. ಪಂಕ್ಚರ್ ಎಂದರೆ ಇದೇ. ಅರೇ 'ಆಪ್ಟಿಮಲ್' ಎನ್ನುವುದು ಡಿಸ್ಕುಗಳ ಹಾಜರಿಯನ್ನು ಮಾತ್ರ ಹೇಳುತ್ತದೆ. ಒಳಗಿನ ಫೈಲು ಪೂರ್ತಿ ಇದೆಯೇ ಎಂಬುದನ್ನಲ್ಲ. ನಿಮ್ಮ ಮೂರು ಡ್ರಾಯಿಂಗ್ ಆ ಪಟ್ಟಿಗಳ ಮೇಲಿವೆ, ಬ್ಯಾಕಪ್ ನಿಲ್ಲುವುದೂ ಅಲ್ಲೇ.

ಮುಂದೆ ಮಾಡಬೇಕಾದದ್ದು. ಮೊದಲು ಪೂರ್ತಿ ಲಾಗನ್ನು ಬೇರೆ ಪೆನ್‌ಡ್ರೈವಿಗೆ ಇಳಿಸಿ. ತೆರೆಯುವ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ. ತಪ್ಪು ಬಂದ ಫೈಲನ್ನು ಬಿಟ್ಟು ಮುಂದೆ ಹೋಗುವ ಹಾಗೆ ಕಾಪಿ ಕೊಡಿ. ಆ ಮೂರನ್ನು ಜೂನ್ 19ರ ಹಿಂದಿನ ಬ್ಯಾಕಪ್‌ನಿಂದ ತನ್ನಿ. ಹಳೆಯ ಬ್ಯಾಕಪ್ ತಾನಾಗಿ ಅಳಿಯುವ ಏರ್ಪಾಡಿದ್ದರೆ ಇವತ್ತೇ ಅದನ್ನು ನಿಲ್ಲಿಸಿ. ಬರೇ ಸ್ಲಾಟ್ 3 ಬದಲಿಸಿ ಮತ್ತೆ ರೀಬಿಲ್ಡ್ ಮಾಡಿದರೆ ಪಂಕ್ಚರ್ ಹೊಸ ಡಿಸ್ಕಿಗೂ ದಾಟುತ್ತದೆ. ಕನ್ಸಿಸ್ಟೆನ್ಸಿ ಚೆಕ್‌ನಿಂದಲೂ (ಡಿಸ್ಕುಗಳ ದತ್ತಾಂಶ ತಾಳೆ ನೋಡುವ ಕೆಲಸ) ಅದು ಹೋಗುವುದಿಲ್ಲ. ಸ್ಲಾಟ್ 3 ಬದಲಿಸಿ, ವರ್ಚುವಲ್ ಡಿಸ್ಕನ್ನೇ (ನಾಲ್ಕೂ ಸೇರಿ ಒಂದಾಗಿ ಕಾಣುವ ಡಿಸ್ಕ್) ಅಳಿಸಿ ಹೊಸದಾಗಿ ಮಾಡಿ, ದತ್ತಾಂಶ ಮರಳಿ ತುಂಬಬೇಕು. ದಾರಿ ಇದೊಂದೇ. ಹೊಸದು ಮಾಡುವಾಗ ರೇಡ್ 6 ಆಯ್ದುಕೊಳ್ಳಿ ಎಂಬುದು ನಮ್ಮ ಒತ್ತಾಯ. ಜಾಗ 12 ಟಿಬಿಯಿಂದ 8 ಟಿಬಿಗೆ ಇಳಿಯುತ್ತದೆ, ಆದರೆ ಒಂದು ಡಿಸ್ಕ್ ಹೋಗಿ ಮತ್ತೊಂದರಲ್ಲಿ ಸೆಕ್ಟರ್ ಕೆಟ್ಟರೂ ರೀಬಿಲ್ಡ್ ದಡ ಸೇರುತ್ತದೆ. 4 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಎಡೆಬಿಡದೆ ಓದಿದರೂ ಏಳು ಗಂಟೆ ದಾಟುತ್ತದೆ. ಕೆಲಸದ ಹೊತ್ತಿನಲ್ಲಿ ಕಾರ್ಡ್ ರೀಬಿಲ್ಡಿಗೆ ಶೇ 30ರಷ್ಟೇ ಶಕ್ತಿ ಕೊಡುವುದು ರೂಢಿಯಾದ್ದರಿಂದ ಇನ್ನೂ ಹೆಚ್ಚು. ಅಷ್ಟು ಹೊತ್ತೂ ನೀವು ಆಸರೆಯಿಲ್ಲದೆ ನಿಂತಿರುತ್ತೀರಿ.

ಪ್ರಶ್ನೆ: ನಮ್ಮಲ್ಲಿ ಗುರುವಾರ ಕರೆಂಟ್ ಹೋಗುವುದು ವಾಡಿಕೆ. ಶುಕ್ರವಾರ ಬೆಳಿಗ್ಗೆ ನ್ಯಾಸ್ ಲಾಗ್‌ನಲ್ಲಿ 'ಇಂಪ್ರಾಪರ್ ಶಟ್‌ಡೌನ್' ಎಂದಿರುತ್ತದೆ. ಯುಪಿಎಸ್ ಇದೆ. ಆದರೂ ಏಕೆ? — ಚಿಂಚವಾಡ

ಉತ್ತರ: ಆ ಸಾಲಿನ ಸಮಯ ನೋಡಿ. ಅದು ಪೆಟ್ಟಿಗೆ ಮತ್ತೆ ಎದ್ದಾಗ ಬರೆದದ್ದು, ಬಿದ್ದಾಗ ಬರೆದದ್ದಲ್ಲ. ಬಿದ್ದ ಹೊತ್ತು ಬೇಕಿದ್ದರೆ ಅದರ ಹಿಂದಿನ ಕೊನೆಯ ಸಾಲು ಯಾವಾಗಿನದು ಎಂದು ನೋಡಬೇಕು.

ಯುಪಿಎಸ್ ಬರೇ ಕರೆಂಟ್ ಕೊಡುತ್ತಿದ್ದರೆ ಸಾಲದು, ಯುಎಸ್‌ಬಿ ಕೇಬಲ್‌ನಿಂದ ನ್ಯಾಸ್‌ಗೆ ಸುದ್ದಿಯನ್ನೂ ಕೊಡಬೇಕು. ಸರಿಯಾದ ಜೋಡಣೆಯಲ್ಲಿ ಲಾಗ್ ಹೀಗೆ ನಡೆಯುತ್ತದೆ: ಯುಪಿಎಸ್ ಬ್ಯಾಟರಿಗೆ ಹೋಯಿತು, ನಿಗದಿತ ನಿಮಿಷ ಕಳೆಯಿತು, ಸರ್ವಿಸುಗಳು ನಿಂತವು, ಸುರಕ್ಷಿತ ಸ್ಥಿತಿ. ನಿಮ್ಮ ಲಾಗ್‌ನಲ್ಲಿ ಈ ಸಾಲುಗಳೇ ಇಲ್ಲದಿದ್ದರೆ ಕೇಬಲ್ ಹಾಕಿಲ್ಲ ಅಥವಾ ನ್ಯಾಸ್‌ನಲ್ಲಿ ಯುಪಿಎಸ್ ಬೆಂಬಲ ಚಾಲು ಮಾಡಿಲ್ಲ. 'ಬ್ಯಾಟರಿಗೆ ಹೋಯಿತು' ಎಂಬ ಸಾಲಿದ್ದು ಮುಂದೇನೂ ಇಲ್ಲದಿದ್ದರೆ ಬ್ಯಾಟರಿ ಸೋತಿದೆ. ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿಯನ್ನು ನಮ್ಮ ಸೆಕೆಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ನಂಬಬೇಡಿ. ಎರಡು ನಿಮಿಷಕ್ಕೆ ಶಟ್‌ಡೌನ್ ಎಂದು ಇಟ್ಟುಕೊಳ್ಳಿ. 'ಬ್ಯಾಟರಿ ಮುಗಿಯುವವರೆಗೆ' ಎಂಬ ಆಯ್ಕೆ ಹಳೆಯ ಬ್ಯಾಟರಿಗೆ ಹೇಳಿಸಿದ್ದಲ್ಲ.

ಪ್ರಶ್ನೆ: ಹೋಟೆಲಿನ ಲೆಕ್ಕಪತ್ರ ಇರುವ ನ್ಯಾಸ್. ಲಾಗ್‌ನಲ್ಲಿ ಬೆಳಗಿನ ಜಾವ 4:40ಕ್ಕೆ ಯಾರೋ ಲಾಗಿನ್ ಆದಂತಿದೆ. ಆ ಹೊತ್ತಿಗೆ ಹೋಟೆಲಿನಲ್ಲಿ ಲೆಕ್ಕದವರು ಯಾರೂ ಇರುವುದಿಲ್ಲ. ಇನ್ನು ಕೆಲವು ಸಾಲುಗಳ ತಾರೀಖು 1970 ಎಂದಿದೆ. ಕಳ್ಳರು ಹೊಕ್ಕರೇ? — ವಾಸ್ಕೊ, ಗೋವಾ

ಉತ್ತರ: ಮೊದಲು 5 ಗಂಟೆ 30 ನಿಮಿಷ ಕೂಡಿ ನೋಡಿ: 10:10. ನಿಮ್ಮ ಲೆಕ್ಕದವರು ಬಂದು ಕೂರುವ ಹೊತ್ತು ಅದೇ ಇರಬಹುದು. ಪೆಟ್ಟಿಗೆಯ ಟೈಮ್ ಝೋನ್ ಬದಲಿಸದೆ ಬಿಟ್ಟರೆ ಅದು ಗ್ರೀನಿಚ್ ಸಮಯದಲ್ಲಿ ಬರೆಯುತ್ತಿರುತ್ತದೆ. ಖಚಿತಪಡಿಸಿಕೊಳ್ಳುವುದು ಸುಲಭ: ಈಗಲೇ ನೀವೇ ಒಮ್ಮೆ ಲಾಗಿನ್ ಆಗಿ, ಬಂದ ಸಾಲಿನ ಸಮಯವನ್ನು ಗೋಡೆಯ ಗಡಿಯಾರದೊಂದಿಗೆ ಹೋಲಿಸಿ. ವ್ಯತ್ಯಾಸ ಐದೂವರೆ ಗಂಟೆಯಲ್ಲ, ಸರಿಯಾಗಿಯೇ ಇದೆ ಎಂದಾದರೆ ಆ ಲಾಗಿನ್ನಿನ ಐಪಿ ವಿಳಾಸ ಹುಡುಕಿ.

1970ರ ಜನವರಿ 1 ಯುನಿಕ್ಸ್ ಗಡಿಯಾರದ ಸೊನ್ನೆ. ಪೆಟ್ಟಿಗೆ ಎದ್ದಾಗ ಸಮಯ ಗೊತ್ತಿಲ್ಲದಿದ್ದರೆ ಅಲ್ಲಿಂದ ಎಣಿಸುತ್ತದೆ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಮುಗಿದಿದೆ. ಹೆಚ್ಚಾಗಿ ಸಿಆರ್2032, ಆದರೂ ಹಳೆಯದನ್ನು ನೋಡಿಯೇ ತನ್ನಿ. ಸಮುದ್ರದ ಗಾಳಿಗೆ ಸೆಲ್ ಕೂರುವ ತಗಡಿಗೂ ಕಿಲುಬು ಹಿಡಿಯುತ್ತದೆ, ಒರೆಸಿ ಹಾಕಿ. ರೇಡ್ ಕಾರ್ಡುಗಳಲ್ಲಿ ಇದರ ಇನ್ನೊಂದು ರೂಪವಿದೆ: ಸರ್ವರ್‌ನ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬಂದು ಸಮಯ ತಿಳಿಸುವವರೆಗೆ ಕಾರ್ಡ್ 'ರೀಬೂಟ್ ಆಗಿ ಇಷ್ಟು ಸೆಕೆಂಡು' ಎಂದಷ್ಟೇ ಬರೆಯುತ್ತದೆ. ಅದು ದೋಷವಲ್ಲ.

ಗಡಿಯಾರವನ್ನು ಎನ್‌ಟಿಪಿಗೆ (ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ತರುವ ವ್ಯವಸ್ಥೆ) ಕಟ್ಟಿಹಾಕಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಗಡಿಯಾರ ಹೊಂದಿಸಬೇಕು ಎಂದಿದೆ. ಎನ್‌ಐಸಿಯ ವಿಳಾಸ 'ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್', ಎರಡನೆಯದು 'ಸಮಯ್2'. ನ್ಯಾಸ್, ಸಿಸಿಟಿವಿ ಪೆಟ್ಟಿಗೆ, ಬಿಲ್ಲಿಂಗ್ ಕಂಪ್ಯೂಟರ್, ರೌಟರ್ ನಾಲ್ಕಕ್ಕೂ ಒಂದೇ ಮೂಲ ಕೊಡಿ. ಇಲ್ಲದಿದ್ದರೆ ಒಂದರ ಲಾಗನ್ನು ಇನ್ನೊಂದರ ಜೊತೆ ಇಟ್ಟು ಓದಲು ಬರುವುದಿಲ್ಲ.

ಪ್ರಶ್ನೆ: ಡೇಟಾ ಸೆಂಟರ್‌ನಲ್ಲಿ ರಾತ್ರಿ ಪಾಳಿ. ಎರಡು ಕಂಟ್ರೋಲರ್‌ನ (ಅರೇಯನ್ನು ನಡೆಸುವ ಮೆದುಳು) ಅರೇ, ಫೈಬರ್ ಚಾನೆಲ್ (ಸರ್ವರ್ ಮತ್ತು ಅರೇ ನಡುವಿನ ಸ್ಟೋರೇಜ್ ಜಾಲ). ವಿಂಡೋಸ್ ಸರ್ವರ್‌ನಲ್ಲಿ 129 ಮತ್ತು 153 ಸಂಖ್ಯೆಯ ಈವೆಂಟ್‌ಗಳು ಗುಂಪಾಗಿ ಬರುತ್ತವೆ. ಅರೇ ಲಾಗ್‌ನಲ್ಲಿ ಆ ನಿಮಿಷ ಏನೂ ಇಲ್ಲ. ಸ್ಟೋರೇಜ್ ತಂಡದವರು ಸರ್ವರ್ ಕಡೆ ಬೆರಳು ತೋರಿಸುತ್ತಾರೆ. ಹೇಗೆ ತೀರ್ಮಾನಿಸಲಿ? — ಐರೋಲಿ, ನವಿ ಮುಂಬಯಿ

ಉತ್ತರ: ನೀವು ಅರೇ ಲಾಗ್‌ನಲ್ಲಿ ತಪ್ಪು ನಿಮಿಷ ನೋಡುತ್ತಿರಬಹುದು. 129 ಎಂದರೆ ಕಳಿಸಿದ ಆದೇಶಕ್ಕೆ ಉತ್ತರ ಬರಲಿಲ್ಲ, ಕಾದು ಕಾದು ಸರ್ವರ್ ರೀಸೆಟ್ ಕೊಟ್ಟಿತು ಎಂದು. ವಿಂಡೋಸ್ ಸರ್ವರ್ ಕಾಯುವ ಅವಧಿ ಸಾಮಾನ್ಯವಾಗಿ 60 ಸೆಕೆಂಡು; ರಿಜಿಸ್ಟ್ರಿಯ ಡಿಸ್ಕ್ ಸರ್ವಿಸ್ ಕೆಳಗೆ 'ಟೈಮ್‌ಔಟ್‌ವ್ಯಾಲ್ಯೂ' ನೋಡಿ. ಆದ್ದರಿಂದ 02:15:30ರ 129ಕ್ಕೆ ಕಾರಣವಾದ ಘಟನೆ 02:14:30ರ ಆಸುಪಾಸಿನಲ್ಲಿ ಇರಬೇಕು. 153 ಎಂದರೆ ಆ ಓದು-ಬರಹವನ್ನು ಮತ್ತೊಮ್ಮೆ ಪ್ರಯತ್ನಿಸಲಾಯಿತು ಎಂದಷ್ಟೇ. ಡಿಸ್ಕ್ ಕೆಟ್ಟಿದೆ ಎಂದು ಹೇಳುವುದು 7, ಬ್ಯಾಡ್ ಬ್ಲಾಕ್. ಅದು ನಿಮ್ಮಲ್ಲಿ ಬಂದಿಲ್ಲ ಎಂಬುದೇ ಒಂದು ಸುಳಿವು, ತೊಂದರೆ ದಾರಿಯಲ್ಲಿದೆ.

ಎರಡೂ ಕಂಟ್ರೋಲರ್‌ಗಳ ಲಾಗ್ ಬೇರೆ ಬೇರೆ ತೆರೆಯಿರಿ. ಕಂಟ್ರೋಲರ್ 'ಎ'ಯ ಪೋರ್ಟ್ ಬಿದ್ದದ್ದು 'ಬಿ'ಯ ಲಾಗ್‌ನಲ್ಲಿ 'ಲನ್ (ಸರ್ವರ್‌ಗೆ ಕೊಟ್ಟ ಡಿಸ್ಕ್ ಭಾಗ) ನನಗೆ ಬಂತು' ಎಂದಷ್ಟೇ ಕಾಣುತ್ತದೆ. ಆಮೇಲೆ ನಡುವಿನ ಸ್ವಿಚ್. ಅದನ್ನು ಯಾರೂ ನೋಡುವುದಿಲ್ಲ, ಉತ್ತರ ಅಲ್ಲೇ ಇರುತ್ತದೆ. ಬ್ರೋಕೇಡ್ ಸ್ವಿಚ್‌ನಲ್ಲಿ 'ಪೋರ್ಟ್‌ಎರ್‌ಶೋ' ಕೊಟ್ಟರೆ ಪ್ರತಿ ಪೋರ್ಟಿನ ತಪ್ಪುಗಳ ಎಣಿಕೆ ಬರುತ್ತದೆ. ಅಲ್ಲಿ ಸಿಆರ್‌ಸಿ (ಸಾಗುವಾಗ ದತ್ತಾಂಶ ಕೆಟ್ಟದ್ದರ ಎಣಿಕೆ) ಎಂಬ ಕಾಲಂ ಒಂದು, 'ಸಿಆರ್‌ಸಿ ಜಿ_ಇಒಎಫ್' ಎಂಬುದು ಇನ್ನೊಂದು. ಎರಡೂ ಏರುತ್ತಿದ್ದರೆ ಫ್ರೇಮ್ (ದತ್ತಾಂಶದ ಕಟ್ಟು) ಕೆಟ್ಟದ್ದು ಆ ಪೋರ್ಟಿಗೆ ಬರುವ ಕೇಬಲ್‌ನಲ್ಲೇ. ಮೊದಲನೆಯದು ಮಾತ್ರ ಏರುತ್ತಿದ್ದರೆ ಬೇರೆಲ್ಲೋ ಕೆಟ್ಟು ಇಲ್ಲಿಗೆ ಬಂದಿದೆ. ಹಿಂದಿನ ಸ್ವಿಚ್‌ಗೆ ಹೋಗಿ.

ಈ ಎಣಿಕೆಗಳು ಸ್ವಿಚ್ ಎದ್ದಂದಿನಿಂದ ಕೂಡುತ್ತ ಬಂದವು. ಹಳೆಯ ಅಂಕಿ ನೋಡಿ ಜಗಳ ಆಡಬೇಡಿ. ಬರೆದುಕೊಂಡು, ಸೊನ್ನೆ ಮಾಡಿ, ಒಂದು ಪಾಳಿ ಕಳೆದು ನೋಡಿ. 'ಎಸ್‌ಎಫ್‌ಪಿಶೋ' ಕೊಟ್ಟು ಬೆಳಕಿನ ಶಕ್ತಿಯನ್ನೂ ನೋಡಿ. ಚಿಕ್ಕ ಅಂತರದ ಆರೋಗ್ಯವಂತ ಜೋಡಣೆಯಲ್ಲಿ ಬರುವ ಬೆಳಕು -2, -3 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಸುತ್ತ ಇರುತ್ತದೆ. 3 ಡಿಬಿ ಇಳಿದರೆ ಬೆಳಕು ಅರ್ಧವಾದಂತೆ. -9, -10ಕ್ಕೆ ಬಂದಿದ್ದರೆ ತುದಿಯ ದೂಳು, ಮಡಚಿದ ಕೇಬಲ್ ಅಥವಾ ಎದುರು ಕಡೆಯ ಎಸ್‌ಎಫ್‌ಪಿ (ಕೇಬಲ್ ಕೂರುವ, ಬೆಳಕು ಕಳಿಸುವ ತುಂಡು) ಕಾರಣ. ಮೊದಲು ಎರಡೂ ತುದಿ ಕ್ಲೀನರ್ ಪೆನ್ನಿನಿಂದ ಒರೆಸಿ, ಆಮೇಲೆ ಕೇಬಲ್, ಆಮೇಲೆ ಎಸ್‌ಎಫ್‌ಪಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ಹೊತ್ತನ್ನು ಪಾಳಿ ಪುಸ್ತಕದಲ್ಲಿ ಬರೆಯಿರಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟ ಎಸ್‌ಎಫ್‌ಪಿ ಮತ್ತೆ ಸ್ಪೇರ್ ಡಬ್ಬಿಗೇ ಹೋಗುತ್ತದೆ.

ಪ್ರಶ್ನೆ: ಡಿಸ್ಕ್ 2ಕ್ಕೆ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಅಂಕಿಗಳು) 199 ಏರುತ್ತಿದೆ ಎಂದು ಹೊಸ ಡಿಸ್ಕ್ ಹಾಕಿದೆ. ಹೊಸದರಲ್ಲೂ ಏರುತ್ತಿದೆ. ಅಂಗಡಿಯವರು ಮತ್ತೊಂದು ಕೊಡುತ್ತೇನೆ ಎನ್ನುತ್ತಾರೆ. — ಮಡಗಾಂವ್

ಉತ್ತರ: ಬೇಡ. 199 ಡಿಸ್ಕ್ ಮತ್ತು ಪೆಟ್ಟಿಗೆಯ ನಡುವೆ ದತ್ತಾಂಶ ಸಾಗುವಾಗಿನ ತಪ್ಪುಗಳ ಎಣಿಕೆ. ಡಿಸ್ಕಿನ ಫಲಕಕ್ಕೂ ಅದಕ್ಕೂ ಸಂಬಂಧ ಕಡಿಮೆ. ಪೆಟ್ಟಿಗೆ ಬಂದ್ ಮಾಡಿ, ಡಿಸ್ಕ್ ಹೊರತೆಗೆದು, ಸ್ಲಾಟಿನ ಒಳಗಿನ ಕನೆಕ್ಟರ್ ನೋಡಿ. ಮಳೆಗಾಲದ ತೇವಕ್ಕೆ ಚಿನ್ನದ ಹಲ್ಲುಗಳ ಮೇಲೆ ಮಂಕು ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಗಟ್ಟಿಯಾಗಿ ಕೂರಿಸಿ. ಈ ಎಣಿಕೆ ಎಂದೂ ಇಳಿಯುವುದಿಲ್ಲ. ಹಾಗಾಗಿ ಇಂದಿನ ಅಂಕಿ ಬರೆದುಕೊಂಡು, ನಿಂತಿತೇ ಎಂದು ವಾರ ಬಿಟ್ಟು ನೋಡಿ. ನಿಲ್ಲದಿದ್ದರೆ ತೊಂದರೆ ಸ್ಲಾಟಿನ ಹಿಂದಿನ ಬೋರ್ಡಿನದು.

ಡಿಸ್ಕ್ ಬದಲಿಸಲು ಕಾರಣವಾಗುವ ಅಂಕಿಗಳು ಬೇರೆ. 5 ಎಂದರೆ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು, 197 ಎಂದರೆ ತೀರ್ಮಾನವಾಗದೆ ಕಾದಿರುವವು, 198 ಎಂದರೆ ಓದಲಾಗದೇ ಹೋದವು, 187 ಎಂದರೆ ಕಂಪ್ಯೂಟರಿಗೆ ಕೊಡಲಾಗದೆ ಕೈಚೆಲ್ಲಿದ ಲೆಕ್ಕ. ಇವುಗಳಲ್ಲಿ ಯಾವುದಾದರೂ ಸೊನ್ನೆ ದಾಟಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಾಯಬೇಡಿ. 197 ಮಾತ್ರ ಆ ಸೆಕ್ಟರಿನ ಮೇಲೆ ಮತ್ತೆ ಬರೆದಾಗ ಇಳಿಯಬಹುದು.

ಪ್ರಶ್ನೆ: ಕನ್ನಡ ಸಂಘದ ಹಳೆಯ ಕಾರ್ಯಕ್ರಮಗಳ ಫೋಟೋ ಫೋಲ್ಡರ್ ನ್ಯಾಸ್‌ನಿಂದ ಮಾಯವಾಗಿದೆ. ಯಾರು ಅಳಿಸಿದರು ಎಂದು ಲಾಗ್‌ನಿಂದ ತಿಳಿಯಬಹುದೆ? ಜೊತೆಗೆ, 'ಅಡ್ಮಿನ್' ಹೆಸರಿನಲ್ಲಿ ವಿಫಲ ಲಾಗಿನ್ ನೂರಾರು ಕಾಣುತ್ತಿವೆ. — ಮಾಟುಂಗಾ

ಉತ್ತರ: ಫೋಲ್ಡರ್ ಮೊದಲು ಹುಡುಕಿ, ಆಮೇಲೆ ವ್ಯಕ್ತಿ. ಎಷ್ಟೋ ಸಲ ಅದು ಅಳಿಸಿಹೋಗಿರುವುದಿಲ್ಲ, ಮೌಸ್ ಜಾರಿ ಪಕ್ಕದ ಫೋಲ್ಡರ್ ಒಳಗೆ ಹೋಗಿರುತ್ತದೆ. ಶೇರ್‌ನ (ಹಂಚಿಕೊಂಡ ಫೋಲ್ಡರ್) ರೀಸೈಕಲ್ ಬಿನ್, ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಯ ಉಳಿಸಿದ ಪ್ರತಿ) ನೋಡಿ.

ಫೈಲ್ ಯಾರು ಮುಟ್ಟಿದರು ಎಂಬ ಲಾಗ್ ತಾನಾಗಿ ಬರುವುದಿಲ್ಲ. ಸಿನಾಲಜಿಯಲ್ಲಿ ಫೈಲ್ ಸರ್ವಿಸಸ್ ಕೆಳಗೆ ಎಸ್‌ಎಂಬಿಯ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವಿಧಾನ) 'ಟ್ರಾನ್ಸ್‌ಫರ್ ಲಾಗ್' ಚಾಲು ಮಾಡಿದ್ದರೆ ಮಾತ್ರ ಅಳಿಸಿದ್ದು, ಹೆಸರು ಬದಲಿಸಿದ್ದು ದಾಖಲಾಗುತ್ತದೆ. ಹಿಂದಿನದ್ದು ಸಿಗುವುದಿಲ್ಲ, ಇಂದೇ ಚಾಲು ಮಾಡಿ. ಇನ್ನೊಂದು, ಸಂಘದಲ್ಲಿ ಎಲ್ಲರೂ 'ಆಫೀಸ್' ಎಂಬ ಒಂದೇ ಹೆಸರಿನಲ್ಲಿ ಒಳಬರುತ್ತಿದ್ದರೆ ಲಾಗ್ ಯಾರ ಮೇಲೂ ಬೆರಳು ತೋರಿಸಲಾರದು. ಐಪಿ ವಿಳಾಸ ಸಿಕ್ಕರೂ ರೌಟರ್ ಅದನ್ನು ಇಂದು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಕೊಡುತ್ತದೆ. ಅರೆಬರೆ ಸಾಕ್ಷ್ಯ ಇಟ್ಟುಕೊಂಡು ಸಂಘದ ಸ್ವಯಂಸೇವಕರೊಬ್ಬರ ಹೆಸರು ಹೇಳಬೇಡಿ. ಪ್ರತಿಯೊಬ್ಬರಿಗೂ ಬೇರೆ ಖಾತೆ ಕೊಡಿ, ಹೆಚ್ಚಿನವರಿಗೆ ಓದುವ ಹಕ್ಕು ಮಾತ್ರ.

ನೂರಾರು ವಿಫಲ ಲಾಗಿನ್ ಎಂದರೆ ನಿಮ್ಮ ನ್ಯಾಸ್ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿದೆ. ಇದು ಫೋಟೋ ಫೋಲ್ಡರಿಗಿಂತ ದೊಡ್ಡ ವಿಷಯ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಿಂದ ಡೆಡ್‌ಬೋಲ್ಟ್ ಎಂಬ ಒತ್ತೆಹಣದ ದಾಳಿಗಳು ಹೀಗೆ ತೆರೆದಿಟ್ಟ ಕ್ಯೂನ್ಯಾಪ್ ಪೆಟ್ಟಿಗೆಗಳನ್ನೇ ಹಿಡಿದವು. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ನ್ಯಾಸ್‌ಗೆ ಬಿಟ್ಟ ದಾರಿ) ತೆಗೆದುಹಾಕಿ, ಯುಪಿಎನ್‌ಪಿ (ಅಂಥ ದಾರಿಯನ್ನು ತಾನಾಗಿ ತೆರೆಯುವ ಸೌಲಭ್ಯ) ಬಂದ್ ಮಾಡಿ, 'ಅಡ್ಮಿನ್' ಖಾತೆ ನಿಷ್ಕ್ರಿಯ ಮಾಡಿ, ಹೊರಗಿನಿಂದ ಬೇಕಿದ್ದರೆ ವಿಪಿಎನ್ (ಗೂಢಲಿಪಿಯ ಖಾಸಗಿ ದಾರಿ). ವಿಫಲ ಲಾಗಿನ್‌ಗಳ ಕೊನೆಯಲ್ಲಿ ಯಶಸ್ವಿ ಲಾಗಿನ್ ಒಂದಾದರೂ ಇದೆಯೇ ಎಂದು ಅದೇ ಐಪಿ ಹಾಕಿ ಹುಡುಕಿ. ಇದ್ದರೆ ನೆಟ್‌ವರ್ಕ್ ಕೇಬಲ್ ಎಳೆಯಿರಿ, ಪೆಟ್ಟಿಗೆ ಬಂದ್ ಮಾಡಬೇಡಿ.

ಒಳಹೊಕ್ಕವರು ಮೊದಲು ಲಾಗ್ ಅಳಿಸುತ್ತಾರೆ. ಅದಕ್ಕಾಗಿ ಒಂದು ಪ್ರತಿ ಬೇರೆ ಕಂಪ್ಯೂಟರಿಗೆ ಹೋಗುವಂತೆ ಸಿಸ್‌ಲಾಗ್ ಕಳಿಸುವ ಏರ್ಪಾಡು ಮಾಡಿ: ಯುಡಿಪಿ ಪೋರ್ಟ್ 514, ಗೂಢಲಿಪಿಯಲ್ಲಿ ಕಳಿಸುವುದಾದರೆ ಟಿಎಲ್‌ಎಸ್, 6514.

ಪ್ರಶ್ನೆ: ಸರ್ವಿಸ್‌ನವರು 'ರೀಸ್ಟಾರ್ಟ್ ಮಾಡಿ ನೋಡಿ' ಎನ್ನುತ್ತಾರೆ. ಮಾಡಿದರೆ ಲಾಗ್ ಹೋಗುತ್ತದೆಯೆ? ಎಷ್ಟು ದಿನ ಇಟ್ಟುಕೊಳ್ಳಬೇಕು? — ಅಂಧೇರಿ

ಉತ್ತರ: ಬಹುತೇಕ ಪೆಟ್ಟಿಗೆಗಳಲ್ಲಿ ಲಾಗ್‌ಗೆ ನಿಗದಿತ ಜಾಗ ಇರುತ್ತದೆ, ತುಂಬಿದರೆ ಹಳೆಯ ಸಾಲಿನ ಮೇಲೆ ಹೊಸದು ಬರುತ್ತದೆ. ರೀಸ್ಟಾರ್ಟ್ ತಾನೇ ನೂರಾರು ಸಾಲು ಬರೆಯುತ್ತದೆ. ಮೆಮೊರಿಯಲ್ಲಷ್ಟೇ ಇದ್ದ ಡಿಬಗ್ ಮಾಹಿತಿ ಪೂರ್ತಿ ಹೋಗುತ್ತದೆ. ಆದ್ದರಿಂದ ಮೊದಲು ಸಪೋರ್ಟ್ ಬಂಡಲ್ (ಸರ್ವಿಸ್‌ನವರಿಗೆ ಕೊಡುವ ಲಾಗ್‌ಗಳ ಕಟ್ಟು) ಇಳಿಸಿ, ಆಮೇಲೆ ರೀಸ್ಟಾರ್ಟ್. ಎರಡು ಕಂಟ್ರೋಲರ್ ಇದ್ದರೆ ಎರಡರಿಂದಲೂ. ಡಿಸ್ಕ್ ಬದಲಿಸುವ ಮುಂಚೆ ಒಂದು, ರೀಬಿಲ್ಡ್ ಮುಗಿದ ಮೇಲೆ ಒಂದು.

ಮೇಲೆ ಹೇಳಿದ ಸರ್ಟ್-ಇನ್ ನಿರ್ದೇಶನದಲ್ಲಿ ಅವಧಿ 180 ದಿನ. ಅದು ಕಂಪನಿಗಳಿಗೂ ಅನ್ವಯಿಸುತ್ತದೆ. ಪೆಟ್ಟಿಗೆಯೊಳಗಿನ ಜಾಗ ಅಷ್ಟಕ್ಕೆ ಸಾಲದಿದ್ದರೆ ತಿಂಗಳಿಗೊಮ್ಮೆ ಸಿಎಸ್‌ವಿಯಾಗಿ ಇಳಿಸಿ ತಾರೀಖಿನ ಹೆಸರಿಟ್ಟು ಬೇರೆ ಕಡೆ ಇಡಿ. ಬಂಡಲ್ ಹೊರಗೆ ಕಳಿಸುವಾಗ ಒಳಗೆ ನಿಮ್ಮ ಬಳಕೆದಾರರ ಹೆಸರು, ಐಪಿ, ಶೇರ್ ಹೆಸರುಗಳಿರುತ್ತವೆ ಎಂಬುದು ನೆನಪಿರಲಿ. ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ, ಸರ್ವಿಸ್ ಕಂಪನಿಯ ಅಪ್‌ಲೋಡ್ ಕೊಂಡಿ ಕೇಳಿ ಪಡೆಯಿರಿ. ಜೊತೆಗೆ ಎರಡು ಸಾಲು ಬರೆದು ಕಳಿಸಿ: ತೊಂದರೆ ಮೊದಲು ಕಂಡ ಗಂಟೆ-ನಿಮಿಷ, ಮತ್ತು ಅದು ಭಾರತೀಯ ಸಮಯವೋ ಗ್ರೀನಿಚ್ ಸಮಯವೋ.